ಬರೆಯದೆ ಉಳಿದ ಜಾಲಹಳ್ಳಿ

ಮಲೆನಾಡನ್ನು ಕುವೆಂಪು ಅವರ ಕಾದಂಬರಿಗಳಿಂದಲೂ, ಕಡಲತಡಿಯ ಬಾಳನ್ನು ಶಿವರಾಮ ಕಾರಂತರ ಬರಹದಿಂದಲೂ, ಧಾರವಾಡದ ಸಾಧನಕೇರಿಯನ್ನು ಬೇಂದ್ರೆಯವರ ಕವಿತೆಗಳಿಂದಲೂ ಅರಿತ ಕನ್ನಡಿಗರು ಅಸಂಖ್ಯರು. ಆ ನೆಲವನ್ನು ಒಮ್ಮೆಯೂ ಮೆಟ್ಟದವನು ಸಹ ಅಲ್ಲಿನ ಮಳೆ, ಗಾಳಿ, ಮಾತುಗಳನ್ನು ಬಲ್ಲ. ಸಾಹಿತ್ಯವು ಊರೊಂದಕ್ಕೆ ಮಾಡುವ ಉಪಕಾರ ಇದು. ಈ ಉಪಕಾರ ಒದಗದ ಊರುಗಳೂ ನಮ್ಮಲ್ಲಿವೆ. ಬೆಂಗಳೂರಿನ ಉತ್ತರಕ್ಕಿರುವ ಜಾಲಹಳ್ಳಿ ಅಂಥವುಗಳಲ್ಲೊಂದು. ಅದನ್ನು ಕುರಿತು ಕೆಲವು ಮಾತುಗಳನ್ನು ಈ ಪುಟದ ವಾಚಕರ ಮುಂದಿಡಲು ಬಯಸುತ್ತೇನೆ.

ಸೈನ್ಯದ ಸಹವಾಸದಿಂದ ಬೆಳೆಯುವುದು ಬೆಂಗಳೂರಿಗೆ ಹೊಸತಲ್ಲ. 1809ರಲ್ಲಿ ಬ್ರಿಟಿಷರು ದಂಡನ್ನು ನೆಲೆಗೊಳಿಸಿದ ಮೇಲೆ ಪೇಟೆಯೊಂದು, ದಂಡೊಂದು ಎಂದು ಎರಡು ಊರುಗಳು ಅಕ್ಕಪಕ್ಕದಲ್ಲಿ ಬೆಳೆದು, 1949ರಲ್ಲಷ್ಟೇ ಒಂದು ಕಾರ್ಪೊರೇಷನ್ನಿನ ಅಡಿಯಲ್ಲಿ ಕೂಡಿದವು. ಆ ದಂಡಿನ ಕತೆಯನ್ನು ಹಲವರು ಹೇಳಿದ್ದಾರೆ. ಜಾಲಹಳ್ಳಿಯ ಕತೆ ಬೇರೆ. ಅಲ್ಲಿಗೆ ಸೈನ್ಯ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಸೇನಾ ಆಸ್ಪತ್ರೆಗಳಿಗಾಗಿ ಬರಾಕುಗಳ ಸಾಲುಗಳೆದ್ದವು. ಉತ್ತರ ಆಫ್ರಿಕದ ಕದನಗಳಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ಬೆಂಗಳೂರಿನ ಶಿಬಿರಗಳಿಗೆ ತಂದಿರಿಸಿದ್ದೂ ಆ ವರ್ಷಗಳಲ್ಲೇ. ಯುದ್ಧ ಮುಗಿಯಿತು, ಸೆರೆಯಾಳುಗಳು ತಮ್ಮ ನಾಡಿಗೆ ಮರಳಿದರು. ಆದರೆ ಸೈನ್ಯಕ್ಕೆಂದು ಒಮ್ಮೆ ಗುರುತಾದ ನೆಲ ಮತ್ತೆ ಹೊಲವಾಗಲಿಲ್ಲ. 1949ರಲ್ಲಿ ವಾಯುಸೇನೆಯ ತಾಂತ್ರಿಕ ಕಾಲೇಜು ಅಲ್ಲಿ ಆರಂಭವಾಯಿತು. 1953ರಲ್ಲಿ ಹಿಂದುಸ್ಥಾನ್ ಮೆಷಿನ್ ಟೂಲ್ಸ್, 1954ರಲ್ಲಿ ರಕ್ಷಣಾ ಇಲಾಖೆಯ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾದವು. ಮೊದಲನೆಯದಕ್ಕೆ ಸ್ವಿಸ್ ಕಂಪನಿಯೊಂದರ, ಎರಡನೆಯದಕ್ಕೆ ಫ್ರೆಂಚ್ ಕಂಪನಿಯೊಂದರ ತಾಂತ್ರಿಕ ನೆರವಿತ್ತು. ಹತ್ತು ಹದಿನೈದು ವರ್ಷಗಳೊಳಗೆ ಹಳ್ಳಿಯೊಂದು, ಹೆಸರಿನಲ್ಲಿ ಮಾತ್ರ ಹಳ್ಳಿಯನ್ನು ಉಳಿಸಿಕೊಂಡು, ಬೇರೊಂದೇ ಲೋಕವಾಯಿತು.

ಈ ಲೋಕ ನಾಡಿಗೆ ಕೊಟ್ಟದ್ದು ಅಲ್ಪವಲ್ಲ. ಸೈನ್ಯದ ರೇಡಾರುಗಳ ಜೊತೆಗೆ ಆಕಾಶವಾಣಿಯ ಪ್ರಸಾರಯಂತ್ರಗಳೂ ಬಿ.ಇ.ಎಲ್.ನಿಂದ ಹೊರಟವು. ಇಂದು ನಾವು ಮತ ಹಾಕುವ ಯಂತ್ರಗಳನ್ನು ದೇಶದಲ್ಲಿ ತಯಾರಿಸುವ ಎರಡೇ ಸಂಸ್ಥೆಗಳಲ್ಲಿ ಅದೂ ಒಂದು. ಎಚ್.ಎಂ.ಟಿ. ರಕ್ಷಣಾ ಇಲಾಖೆಗೆ ಸೇರಿದ್ದಲ್ಲವಾದರೂ ನೆರೆಯಲ್ಲೇ ಬೆಳೆದ ಸೋದರ ಕಾರ್ಖಾನೆ. 1961ರಿಂದ ಅಲ್ಲಿ ತಯಾರಾದ ಕೈಗಡಿಯಾರ ಎಷ್ಟೋ ಮನೆಗಳಲ್ಲಿ ಮದುವೆಯ ಉಡುಗೊರೆಯಾಗಿ, ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ ತಂದೆಯ ಮೆಚ್ಚುಗೆಯಾಗಿ ಬಂದು ಸೇರಿತು.

ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಯಂತ್ರಗಳಲ್ಲ, ಅಲ್ಲಿ ಕೂಡಿದ ಜನ. ನೆಲ ಬಿಟ್ಟುಕೊಟ್ಟ ರೈತಕುಟುಂಬಗಳು ಒಂದು ಕಡೆ. ಹಾಸನ, ಮಂಡ್ಯ, ತುಮಕೂರು, ಕೋಲಾರದ ಹಳ್ಳಿಗಳಿಂದ ಬಂದು, ನೇಗಿಲು ಹಿಡಿಯಬೇಕಾಗಿದ್ದ ಕೈಯಲ್ಲಿ ಲೇತಿನ ಹಿಡಿ ಹಿಡಿದ ತರುಣರು ಇನ್ನೊಂದು ಕಡೆ. ಕೇರಳ, ತಮಿಳುನಾಡು, ಆಂಧ್ರ, ಉತ್ತರದ ಪ್ರಾಂತಗಳಿಂದ ವಾಯುಸೇನೆಗೂ ಕಾರ್ಖಾನೆಗೂ ಬಂದವರು ಮತ್ತೊಂದು ಕಡೆ. ಗಂಗಮ್ಮನ ಗುಡಿಯ ಹೆಸರಿನ ವೃತ್ತವೂ ಅಯ್ಯಪ್ಪನ ದೇವಾಲಯವೂ ಒಂದೇ ಜಾಲಹಳ್ಳಿಯಲ್ಲಿರುವುದು ಈ ಕೂಟಕ್ಕೆ ಸಾಕ್ಷಿ. ರೇಡಿಯೊ ವಾಲ್ವು, ಕೈಗಡಿಯಾರಗಳ ಕೂದಲೆಳೆಯಷ್ಟು ಸೂಕ್ಷ್ಮವಾದ ಭಾಗಗಳನ್ನು ಜೋಡಿಸುವ ಕೆಲಸಕ್ಕೆ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಸೇರಿದರು. ತಿಂಗಳ ಸಂಬಳ ಕೈಗೆ ಬಂದ ದಿನ ಆ ಮನೆಗಳಲ್ಲಿ ಅತ್ತೆಸೊಸೆಯರ, ಗಂಡಹೆಂಡಿರ ಸಂಬಂಧ ಹೇಗೆ ಮಾರ್ಪಟ್ಟಿತೆಂಬುದು ಯಾವ ಕಾದಂಬರಿಕಾರನಿಗೂ ಸಣ್ಣ ವಸ್ತುವಲ್ಲ.

ಈ ಜನ ಮೂಕರಾಗಿಯೂ ಇರಲಿಲ್ಲ. 1980ರ ಕೊನೆಯಿಂದ 1981ರವರೆಗೆ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಲಕ್ಷಕ್ಕೂ ಮೀರಿದ ಕಾರ್ಮಿಕರು ಎರಡು ತಿಂಗಳಿಗೂ ಮೀರಿ ಮುಷ್ಕರ ಹೂಡಿದಾಗ ಜಾಲಹಳ್ಳಿಯ ಕಾರ್ಖಾನೆಗಳೂ ಅದರಲ್ಲಿದ್ದವು. ಮರುವರ್ಷ, 1982ರಲ್ಲಿ, ಗೋಕಾಕ್ ಚಳವಳಿ ಬೀದಿಗಿಳಿದಾಗ ಕಾರ್ಮಿಕರ ದನಿಯೂ ಅದರಲ್ಲಿ ಬೆರೆತಿತ್ತು. ನವೆಂಬರ್ ಬಂತೆಂದರೆ ಕಾರ್ಖಾನೆಯ ಕನ್ನಡ ಸಂಘಗಳು ನಾಟಕವಾಡಿಸಿದವು, ಕವಿಗಳನ್ನು ಕರೆಸಿದವು, ಸ್ಮರಣಸಂಚಿಕೆಗಳನ್ನು ತಂದವು. ಪಂಡಿತರು ಪಾರಿಭಾಷಿಕ ಪದಗಳ ಚರ್ಚೆಯಲ್ಲಿದ್ದಾಗ ಬೆಂಗಳೂರಿನ ಪೂರ್ವದಲ್ಲಿ ವಿಮಾನ ಕಾರ್ಖಾನೆಯ ಸುತ್ತ ವಿಮಾನಪುರವೂ, ಟೆಲಿಫೋನ್ ಕಾರ್ಖಾನೆಯ ಸುತ್ತ ದೂರವಾಣಿನಗರವೂ ಹುಟ್ಟಿ, ಆ ಹೆಸರುಗಳು ಬಸ್ಸಿನ ಫಲಕದಲ್ಲಿ, ಅಂಚೆಯ ವಿಳಾಸದಲ್ಲಿ ಸಲೀಸಾಗಿ ಓಡಾಡಿದವು. ಯಂತ್ರಯುಗವನ್ನು ಕನ್ನಡ ತನ್ನದಾಗಿಸಿಕೊಳ್ಳಬಲ್ಲದೆಂಬುದಕ್ಕೆ ಬೇರೆ ಪ್ರಮಾಣ ಬೇಕೆ?

ಹೀಗಿದ್ದೂ ನಮ್ಮ ತರಗತಿಗಳ ಸಾಹಿತ್ಯದಲ್ಲಿ ಈ ಬಾಳಿಗೆ ಸಿಕ್ಕಿರುವ ಎಡೆ ಅತ್ಯಲ್ಪ. ಕಾರ್ಖಾನೆ ಕನ್ನಡದ ಕತೆಗಳಲ್ಲಿ ಬಂದಿಲ್ಲವೆಂದಲ್ಲ. ಆದರೆ ಊರಾಗಿ, ಮೂರು ತಲೆಮಾರುಗಳ ಬಾಳುವೆಯಾಗಿ ಅದು ನಮ್ಮ ಮನಸ್ಸಿನಲ್ಲಿ ನಿಂತಿಲ್ಲ. ಶರಾವತಿ ಯೋಜನೆಯಲ್ಲಿ ಸರ್ಕಾರಿ ನೌಕರರಾಗಿದ್ದ ನಾ. ಡಿಸೋಜರು ‘ಮುಳುಗಡೆ’, ‘ದ್ವೀಪ’ಗಳನ್ನು ಬರೆದರು; ನೀರಿನಲ್ಲಿ ಮುಳುಗಿದ ಊರುಗಳ ಸಂಕಟ ಕನ್ನಡದ ಸಂಕಟವಾಯಿತು. ಗೋಡೆಯೊಳಗೆ ಸೇರಿಹೋದ ಊರಿನ ನೆನಪಿಗೆ ಆ ಭಾಗ್ಯ ಬರಲಿಲ್ಲ. ನನ್ನ ವಿದ್ಯಾರ್ಥಿಗಳನ್ನು ‘ನಿಮ್ಮ ಊರು ಯಾವುದು?’ ಎಂದು ಕೇಳಿದರೆ, ಜಾಲಹಳ್ಳಿಯಲ್ಲೇ ಹುಟ್ಟಿ ಬೆಳೆದವರೂ ತಾತನ ಹಳ್ಳಿಯ ಹೆಸರು ಹೇಳುತ್ತಾರೆ. ಹುಟ್ಟಿದ ನೆಲವನ್ನು ಊರೆಂದು ಕರೆಯಲು ಅದರದೊಂದು ಕತೆ ಬೇಕು. ಆ ಕತೆಯನ್ನು ನಾವು ಅವರಿಗೆ ಕೊಟ್ಟಿಲ್ಲ.

ರಕ್ಷಣೆಗೆ ಸಂಬಂಧಿಸಿದ ಸ್ಥಳವಾದ್ದರಿಂದ ಅಲ್ಲಿನದನ್ನು ಬರೆಯುವುದು ತರವಲ್ಲವೆಂದು ಕೆಲವರು ಹೇಳಬಹುದು. ಗುಟ್ಟು ರೇಡಾರಿನದು, ರಾಗಿಹೊಲದ್ದಲ್ಲ, ಶಿಫ್ಟಿನ ಬಸ್ಸಿನದಲ್ಲ, ಕ್ವಾರ್ಟರ್ಸಿನ ಜಗಲಿಯದಲ್ಲ. ಕಾವಲಿನ ಬಾಗಿಲ ಹೊರಗಿನ ಬಾಳನ್ನು ಬರೆದರೆ ದೇಶಕ್ಕೆ ಯಾವ ಹಾನಿಯೂ ಇಲ್ಲ. ಹಲವು ಭಾಷೆಯವರಿರುವ ಪ್ರದೇಶ ಕನ್ನಡದ ವಸ್ತುವಾಗುವುದು ಹೇಗೆಂಬುದು ಇನ್ನೊಂದು ಆಕ್ಷೇಪ. ಕಾರ್ಖಾನೆಯ ಬೆಂಚಿನಲ್ಲಿ ಪಕ್ಕದವನಿಂದ ಕನ್ನಡ ಕಲಿತ ಮಲಯಾಳಿಯ ಮಾತು, ಅವನಿಂದ ಎರಡು ಮಾತು ಕಲಿತ ಮಂಡ್ಯದವನ ನಗು ನಮ್ಮ ಭಾಷೆಯ ಚರಿತ್ರೆಗೆ ಸೇರದಿದ್ದರೆ ಮತ್ತೆಲ್ಲಿಗೆ ಸೇರಬೇಕು?

ಈಗಲೇ ಈ ಮಾತನ್ನೆತ್ತಲು ಕಾರಣವುಂಟು. ಎಚ್.ಎಂ.ಟಿ. ಗಡಿಯಾರ ವಿಭಾಗವನ್ನು ಮುಚ್ಚುವ ನಿರ್ಧಾರ 2016ರಲ್ಲಿ ಆಯಿತು. 2024ರಲ್ಲಿ ಆ ಸಂಸ್ಥೆಯ ವಶದಲ್ಲಿದ್ದ ನೆಲ ಅರಣ್ಯಭೂಮಿಯೆಂದು ರಾಜ್ಯದ ಅರಣ್ಯ ಇಲಾಖೆ ಹಕ್ಕು ಮಂಡಿಸಿತು, ವಾದ ಪ್ರತಿವಾದಗಳೆದ್ದವು. ನೆಲ ಯಾರದೆಂಬುದನ್ನು ಕಾನೂನು ತೀರ್ಮಾನಿಸಲಿ. ಅದು ನನ್ನ ವಿಷಯವಲ್ಲ. ಆದರೆ ಇಂಥ ವಿವಾದದಲ್ಲಿ ಮಾತನಾಡುವುದು ಹಳೆಯ ಅಧಿಸೂಚನೆ ಮತ್ತು ಸರ್ವೆಯ ನಕ್ಷೆ ಮಾತ್ರ. ಅಲ್ಲಿ ಉತ್ತವರು, ಆಮೇಲೆ ದುಡಿದವರು, ಮಕ್ಕಳನ್ನು ಓದಿಸಿದವರು ಇದ್ದರೆಂದು ಹೇಳುವ ಪುಸ್ತಕವೊಂದು ಆ ಕಡತಗಳ ಪಕ್ಕದಲ್ಲಿ ಇಲ್ಲ. ಐವತ್ತು, ಅರುವತ್ತರ ದಶಕಗಳಲ್ಲಿ ಕೆಲಸಕ್ಕೆ ಸೇರಿದ ತಲೆಮಾರು ಈಗ ಎಂಬತ್ತು ದಾಟಿದೆ. ಅವರೊಡನೆ ಹೋಗುವುದನ್ನು ಯಾವ ದಾಖಲೆಯ ಕೋಣೆಯಿಂದಲೂ ಮರಳಿ ತರಲಾಗದು.

ಮಾಡಬೇಕಾದ ಕೆಲಸ ದೊಡ್ಡ ಹಣದ್ದೇನಲ್ಲ. ಬೇಸಾಯ, ಕುಂಬಾರಿಕೆ, ನೇಯ್ಗೆಗಳ ವೃತ್ತಿಪದಗಳನ್ನು ನಮ್ಮ ವಿದ್ವಾಂಸರು ಶ್ರದ್ಧೆಯಿಂದ ಕಲೆಹಾಕಿದ್ದಾರೆ. ಹಾಗೆಯೇ ಉತ್ತರ ಬೆಂಗಳೂರಿನ ಕಾಲೇಜುಗಳ ಕನ್ನಡ ವಿಭಾಗಗಳು ಕಾರ್ಖಾನೆಯ ನುಡಿಯನ್ನೂ ನೆನಪನ್ನೂ ಕೂಡಿಸಬಹುದು. ವಿದ್ಯಾರಣ್ಯಪುರದ ಬಿ.ಇ.ಎಲ್. ಬಡಾವಣೆಯಲ್ಲಿರುವ ನಿವೃತ್ತರ ಮನೆಗೆ, ಹಳೆಯ ಜಾಲಹಳ್ಳಿಯ ಕುಟುಂಬಗಳ ಮನೆಗೆ ವಿದ್ಯಾರ್ಥಿಗಳು ಪ್ರಬಂಧಕ್ಕೆಂದು ಹೋಗಲಿ. ಗೋಡೆ ಏಳುವ ಮುನ್ನ ಹೊಲಗಳಿಗಿದ್ದ ಹೆಸರುಗಳನ್ನು ಕೇಳಿ ಬರೆದುಕೊಳ್ಳಲಿ. ಕನ್ನಡ ಸಂಘಗಳ ಸ್ಮರಣಸಂಚಿಕೆಗಳು ರದ್ದಿಯ ಅಂಗಡಿ ಸೇರುವ ಮುನ್ನ ಒಂದೊಂದು ಪ್ರತಿಯಾದರೂ ಕಾಲೇಜಿನ ಗ್ರಂಥಾಲಯ ಸೇರಲಿ. ಇವುಗಳಿಂದ ನಾಳೆಯೇ ಮಹಾಕಾದಂಬರಿ ಹುಟ್ಟುವುದೆಂದು ನಾನು ಹೇಳುವುದಿಲ್ಲ. ಬರೆಯಬಲ್ಲವನೊಬ್ಬ ಮುಂದೆ ಆ ತರಗತಿಯಿಂದಲೇ ಬಂದಾನು. ಬಂದಾಗ ಅವನ ಕೈಗೆ ಕೊಡಲು ನಮ್ಮಲ್ಲಿ ಏನಾದರೂ ಇರಬೇಕು. ಈ ವರ್ಷದ ಪ್ರಬಂಧಗಳ ವಿಷಯವನ್ನು ನಿಶ್ಚಯಿಸುವಾಗ ಅಧ್ಯಾಪಕ ಮಿತ್ರರು ಇದನ್ನು ನೆನೆಯಬೇಕೆಂದು ನನ್ನ ಪ್ರಾರ್ಥನೆ.