ಆಮೆಯನ್ನು ಮುಟ್ಟದಿದ್ದರೆ ಸಾಕೇ?

ಮೂರು ದಿನದ ದ್ವೀಪ ಪ್ರವಾಸದ ಜಾಹೀರಾತುಗಳಲ್ಲಿ ಈಚೆಗೆ ಒಂದು ಹೊಸ ಸಾಲು ಸೇರಿಕೊಂಡಿದೆ. ಕಡಲತೀರ, ಸ್ಕೂಬಾ, ಕಯಾಕ್‌ಗಳ ಜೊತೆಗೆ ‘ಜವಾಬ್ದಾರಿಯುತ ವನ್ಯಜೀವಿ ದರ್ಶನ’ ಎಂಬ ಭರವಸೆಯೂ ಇರುತ್ತದೆ. ಆಮೆಯನ್ನು ಮುಟ್ಟುವಂತಿಲ್ಲ, ಹವಳದ ಮೇಲೆ ಕಾಲಿಡುವಂತಿಲ್ಲ, ಡಾಲ್ಫಿನ್‌ಗಳ ಹಿಂದೆ ದೋಣಿ ಓಡಿಸುವಂತಿಲ್ಲ. ಆನೆಯ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುವುದೇ ಪ್ರವಾಸವಾಗಿದ್ದ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಸುಧಾರಣೆಯೇ. ಆದರೆ ಈ ನಿಯಮಗಳೆಲ್ಲ ಪ್ರವಾಸಿಯ ಕೈಕಾಲುಗಳಿಗೆ ಸಂಬಂಧಿಸಿದವು. ಪ್ರಾಣಿಯ ಸಾವು ಬದುಕು ತೀರ್ಮಾನವಾಗುವ ಜಾಗ ಬೇರೆ. ಅದನ್ನು ನೋಡಲು ಅಂಡಮಾನಿನವರೆಗೆ ಹೋಗಬೇಕಾಗಿಲ್ಲ. ಚೆನ್ನೈನಲ್ಲಿ ಲೋಕಲ್ ರೈಲು ಹತ್ತಿ ಎಣ್ಣೂರಿನಲ್ಲಿ ಇಳಿದರೆ ಸಾಕು.

ಎಣ್ಣೂರಿನ ಅಳಿವೆಯಿಂದ ಉತ್ತರಕ್ಕೆ ಕಾಟ್ಟುಪಳ್ಳಿ ಎಂಬ ಉದ್ದನೆಯ ಮರಳು ದ್ವೀಪವಿದೆ. ಪೂರ್ವಕ್ಕೆ ಬಂಗಾಳ ಕೊಲ್ಲಿ, ಪಶ್ಚಿಮಕ್ಕೆ ಕೊಸಸ್ಥಲೆಯಾರ್ ನದಿಯ ಹಿನ್ನೀರು ಮತ್ತು ಬಕಿಂಗ್‌ಹ್ಯಾಮ್ ಕಾಲುವೆ. ಇನ್ನೂ ಉತ್ತರಕ್ಕೆ ಹೋದರೆ ಪುಲಿಕಾಟ್ ಸರೋವರ. ದೇಶದ ಎರಡನೇ ಅತಿ ದೊಡ್ಡ ಉಪ್ಪುನೀರಿನ ಆ ಸರೋವರಕ್ಕೆ ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ. ಈ ಕರಾವಳಿಯ ಮರಳಿನಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಪ್ರವಾಸದ ಜಾಹೀರಾತು ಕೇಳುವುದೆಲ್ಲ ಇಲ್ಲಿದೆ. ಆದರೂ ಯಾವ ಏಜೆನ್ಸಿಯೂ ಇಲ್ಲಿಗೆ ಟಿಕೆಟ್ ಮಾರುವುದಿಲ್ಲ. ಈ ಪಟ್ಟಿಯ ಮೇಲೆ ಬಂದರುಗಳು, ಹಡಗು ಕಟ್ಟೆ, ದಿನಕ್ಕೆ 10 ಕೋಟಿ ಲೀಟರ್ ಕಡಲನೀರನ್ನು ಸಿಹಿಯಾಗಿಸಲು 2010ರಲ್ಲಿ ಶುರುವಾದ ಘಟಕ ಎಲ್ಲ ನಿಂತಿವೆ. ಪಕ್ಕದಲ್ಲೇ ಉಷ್ಣ ವಿದ್ಯುತ್ ಸ್ಥಾವರಗಳು. ಅವುಗಳ ಕೊಳವೆಗಳಿಂದ ಸೋರಿದ ಹಾರುಬೂದಿ ವರ್ಷಗಳಿಂದ ಹಿನ್ನೀರಿನ ತಳದಲ್ಲಿ ಕೂರುತ್ತಾ ಬಂದಿದೆ. ಚೆನ್ನೈಗೆ ಕರೆಂಟು, ನೀರು, ಸರಕು ಒದಗಿಸುವ ಹೊರೆ ಎಣ್ಣೂರಿನ ಮೇಲಿದೆ.

2017ರ ಜನವರಿ 28ರಂದು ಎಣ್ಣೂರಿನ ಬಂದರಿನಾಚೆ ಎರಡು ಹಡಗುಗಳು ಡಿಕ್ಕಿ ಹೊಡೆದು ತೈಲ ಚೆಲ್ಲಿತು. ದಡಕ್ಕೆ ಬಂದ ಮಂದ ಎಣ್ಣೆಯನ್ನು ಜನ ಬಕೆಟ್‌ಗಳಲ್ಲಿ ಮೊಗೆದರು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯ ಜೊತೆ ಮಣಲಿ ಕೈಗಾರಿಕಾ ಪ್ರದೇಶದ ತೈಲ ಹರಿದು ಎಣ್ಣೂರಿನ ಅಳಿವೆಗೆ ಬಂತು. ದೋಣಿ, ಬಲೆ, ಕಾಂಡ್ಲಾ ಗಿಡಗಳಿಗೆ ಎಣ್ಣೆ ಮೆತ್ತಿಕೊಂಡಿತು. ಹೆಜ್ಜಾರ್ಲೆಗಳ ರೆಕ್ಕೆಗಳು ಕಪ್ಪಾದವು. ಅವುಗಳನ್ನು ಯಾರೂ ಮುಟ್ಟಿರಲಿಲ್ಲ, ಯಾರೂ ಬೆನ್ನಟ್ಟಿರಲಿಲ್ಲ. ಪ್ರವಾಸಿಯ ನಿಯಮಾವಳಿಯ ಪ್ರಕಾರ ಎಲ್ಲ ಸರಿಯಾಗಿಯೇ ಇತ್ತು.

ಕಡಲಾಮೆಯ ಕತೆಯೂ ಇದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿ ಹುಲಿಯ ಜೊತೆ ಅದಕ್ಕೂ ಜಾಗವಿದೆ. ಆದರೆ 2025ರ ಜನವರಿಯಲ್ಲಿ ಚೆನ್ನೈ ಸುತ್ತಲಿನ ತೀರಗಳಲ್ಲಿ ನೂರಾರು ಆಲಿವ್ ರಿಡ್ಲಿಗಳು ಸತ್ತು ಬಿದ್ದವು. ಆಮೆ ನೀರಿನಲ್ಲಿ ಬದುಕುತ್ತದಾದರೂ ಉಸಿರಾಟಕ್ಕೆ ಮೇಲೆ ಬರಲೇಬೇಕು. ಟ್ರಾಲರ್ ಎಳೆಯುವ ಬಲೆಯಲ್ಲಿ ಹೊತ್ತುಗಟ್ಟಲೆ ಸಿಕ್ಕಿಕೊಂಡರೆ ಅದು ಮುಳುಗಿಯೇ ಸಾಯುತ್ತದೆ. ಆ ಸಾವುಗಳಿಗೂ ಟ್ರಾಲ್ ಬಲೆಯೇ ಕಾರಣ ಎಂಬ ಶಂಕೆ ಬಲವಾಗಿ ಕೇಳಿಬಂತು. ಬಲೆಯಲ್ಲಿ ಆಮೆ ತಪ್ಪಿಸಿಕೊಳ್ಳಲು ಕಿಂಡಿಯಿರುವ ಸಾಧನ ಬಹಳ ಹಿಂದೆಯೇ ಬಂದಿದೆ. ಅದನ್ನು ಅಳವಡಿಸಿದರೆ ಬಲೆಗೆ ಬಿದ್ದ ಮೀನು, ಸಿಗಡಿಯಲ್ಲೂ ಒಂದಷ್ಟು ಜಾರಿಹೋಗುತ್ತದೆ ಎಂಬ ಭಯದಿಂದ ಹೆಚ್ಚಿನವರು ಬಳಸುವುದಿಲ್ಲ. ಅಂದರೆ ರೆಸಾರ್ಟಿನಲ್ಲಿ ಆಮೆಯಿಂದ ದೂರ ನಿಂತ ಪ್ರವಾಸಿ ರಾತ್ರಿ ತಿನ್ನುವ ಸಿಗಡಿಯಲ್ಲೇ ಆಮೆಯ ಸಾವಿನ ಪಾಲು ಇರಬಹುದು.

ಹಾಗಾದರೆ ಸರಿಯಾದ ಭೇಟಿ ಹೇಗಿರುತ್ತದೆ? ಅದಕ್ಕೂ ಚೆನ್ನೈನಲ್ಲೇ ಉದಾಹರಣೆಯಿದೆ. 1988ರಲ್ಲಿ ಹುಟ್ಟಿದ ವಿದ್ಯಾರ್ಥಿಗಳ ಕಡಲಾಮೆ ಸಂರಕ್ಷಣಾ ಜಾಲದ ಸ್ವಯಂಸೇವಕರು ಮೊಟ್ಟೆಯ ಋತುವಿನಲ್ಲಿ ನಗರದ ದಕ್ಷಿಣ ತೀರದಲ್ಲಿ ರಾತ್ರಿಯಿಡೀ ನಡೆಯುತ್ತಾರೆ. ಗೂಡು ಹುಡುಕಿ, ಮೊಟ್ಟೆಗಳನ್ನು ಕಾವಲಿರುವ ಜಾಗಕ್ಕೆ ಸಾಗಿಸಿ, ಮರಿಗಳನ್ನು ಕಡಲಿಗೆ ಬಿಡುತ್ತಾರೆ. ಸಾರ್ವಜನಿಕರೂ ಜೊತೆಗೆ ಹೋಗಬಹುದು. ಅಲ್ಲಿ ಆಮೆ ಕಾಣುವ ಭರವಸೆಯನ್ನು ಯಾರೂ ಕೊಡುವುದಿಲ್ಲ. ಸತ್ತ ಆಮೆ ಕಂಡರೆ ಅದನ್ನೂ ಎಣಿಸಿ ಬರೆದಿಡುತ್ತಾರೆ. ಸುಂದರವಾದದ್ದನ್ನು ಮಾತ್ರ ತೋರಿಸುವ ಪ್ರವಾಸಕ್ಕೂ ಈ ನಡಿಗೆಗೂ ಇರುವ ವ್ಯತ್ಯಾಸ ಈ ಲೆಕ್ಕದಲ್ಲಿದೆ.

ಆ ಲೆಕ್ಕದಲ್ಲಿ ಮನುಷ್ಯರೂ ಬರಬೇಕು. ಎಣ್ಣೂರಿನ ಹಿನ್ನೀರಿನಲ್ಲಿ ಇರುಳ ಸಮುದಾಯದ ಹೆಂಗಸರು ಎದೆಮಟ್ಟದ ನೀರಿಗಿಳಿದು, ಬುಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬರಿಗೈಯಲ್ಲಿ ಸಿಗಡಿ ಹಿಡಿಯುತ್ತಾರೆ. ನೀರಿಗೆ ವಿಷ ಸೇರಿದರೆ ಹೆಜ್ಜಾರ್ಲೆಗೆ ತಟ್ಟುವ ಹೊತ್ತಿಗೇ ಅವರ ಚರ್ಮಕ್ಕೂ ತಟ್ಟುತ್ತದೆ. ಬಂದರು ವಿಸ್ತರಣೆಯ ಯೋಜನೆಯನ್ನು ಕಾಟ್ಟುಪಳ್ಳಿ, ಪುಲಿಕಾಟ್ ಕಡೆಯ ಮೀನುಗಾರರು ವಿರೋಧಿಸುತ್ತಿರುವುದು ಪರಿಸರ ಪ್ರೇಮದ ಭಾಷಣಕ್ಕಾಗಿ ಅಲ್ಲ. ಕನ್ನಡನಾಡಿನಲ್ಲಿ ಹೊನ್ನಾವರದ ಕಾಸರಕೋಡು ಟೊಂಕದಲ್ಲೂ ಬಂದರಿನ ವಿರುದ್ಧ ನಿಂತ ಮೀನುಗಾರರು ಅದೇ ತೀರದಲ್ಲಿ ಕಡಲಾಮೆ ಮೊಟ್ಟೆಯಿಡುವುದನ್ನು ಎತ್ತಿ ತೋರಿಸಿದರು. ಎರಡೂ ಕಡೆ ಆಮೆಯ ಜಾಗ ಮತ್ತು ಮೀನುಗಾರರ ಜಾಗ ಒಂದೇ.

ನಗರಕ್ಕೆ ಕರೆಂಟು ಬೇಡವೇ, ದೇಶಕ್ಕೆ ಬಂದರು ಬೇಡವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬೇಕು. ಆದರೆ ಬೂದಿ ಸೋರದಂತೆ ಕೊಳವೆ ಬದಲಿಸುವುದು, ನೆರೆಗೆ ಮುಂಚೆ ತೈಲದ ತೊಟ್ಟಿ ಭದ್ರಪಡಿಸುವುದು, ಅಳಿವೆಯನ್ನು ತೆರೆದಿಡುವುದು ಕರೆಂಟಿಗೆ ವಿರುದ್ಧವಲ್ಲ. ಒಬ್ಬ ಪ್ರವಾಸಿ ಇದನ್ನೆಲ್ಲ ಮಾಡಿಸಲಾರ ಎಂಬುದೂ ನಿಜ. ಆದರೆ ದ್ವೀಪಕ್ಕೆ ಹೊರಡುವ ಮುಂಚೆ ಮೂರು ವಿಷಯ ವಿಚಾರಿಸಬಹುದು: ಅಲ್ಲಿ ಮೀನು ಹಿಡಿಯುವವರು ಯಾರು, ತಟ್ಟೆಗೆ ಬರುವ ಮೀನು ಯಾವ ಬಲೆಯದು, ಆ ತೀರಕ್ಕೆ ಮುಂದೆ ಏನು ಬರಲಿದೆ. ಉತ್ತರ ಹೇಳಲಾಗದ ಏಜೆನ್ಸಿ ತನ್ನ ಜಾಹೀರಾತಿನಿಂದ ‘ಜವಾಬ್ದಾರಿಯುತ’ ಎಂಬ ಪದವನ್ನು ತೆಗೆದುಬಿಡಬೇಕು.