ದೇವರ ಲೆಕ್ಕಕ್ಕೆ ಬರೆದ ನಷ್ಟ

2020ರ ಆಗಸ್ಟ್‌ನಲ್ಲಿ ಜಿಎಸ್‌ಟಿ ವರಮಾನ ಕುಸಿದದ್ದಕ್ಕೆ ಕಾರಣ ಹೇಳುತ್ತ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕೋವಿಡನ್ನು ದೇವರ ಕೃತ್ಯ ಎಂದರು. ಉದ್ಯಮಲೋಕಕ್ಕೂ ಈ ಮಾತು ಹಿತ. ದೇವರ ತಲೆಗೆ ಕಟ್ಟಿದ ನಷ್ಟಕ್ಕೆ ಯಾರೂ ಜವಾಬು ಹೇಳಬೇಕಿಲ್ಲವಲ್ಲ! ಕೋವಿಡ್ ಎಲ್ಲಿಂದ ಬಂತೆಂಬ ಜಗಳ ಮುಗಿದಿಲ್ಲ, ಸರಿ. ಆದರೆ ಮೂಲ ಗೊತ್ತಿರುವ ರೋಗಗಳಲ್ಲಿ ದೇವರಿಗಿಂತ ಮೊದಲು ಕಾಣುವುದು ಮನುಷ್ಯನ ಕೈ.

1998ರಲ್ಲಿ ಮಲೇಶಿಯಾದ ಹಂದಿ ಫಾರಂಗಳಲ್ಲಿ ನಿಪಾ ಹಬ್ಬಿತು. ಹಂದಿದೊಡ್ಡಿಯ ಮಗ್ಗುಲಲ್ಲೇ ಮಾವಿನ ಮರ. ಬಾವಲಿ ಕಚ್ಚಿ ಬೀಳಿಸಿದ ಹಣ್ಣು ಹಂದಿಯ ಬಾಯಿಗೆ, ಹಂದಿಯಿಂದ ರೋಗ ಕೆಲಸಗಾರರಿಗೆ. ನೂರಕ್ಕೂ ಹೆಚ್ಚು ಜನ ಸತ್ತರು. ಸುಮಾರು ಹತ್ತು ಲಕ್ಷ ಹಂದಿಗಳನ್ನು ಕೊಲ್ಲಬೇಕಾಯಿತು. ಸಿಂಗಪುರ ಆಮದು ನಿಲ್ಲಿಸಿತು. ಒಂದೇ ಜಾಗದಲ್ಲಿ ಎರಡು ಆದಾಯವೆಂದು ಲೆಕ್ಕ ಹಾಕಿದವರು ಬಾವಲಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಕಾಡಿಗೆ ಹೋದವರಿಗೆ ಉಣ್ಣಿ ಕಚ್ಚಿ ಜ್ವರ ಬಂತು. ಆ ಮಂಗನ ಕಾಯಿಲೆ ಈಗ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ ಮುಟ್ಟಿದೆ. ಕಾಡು, ತೋಟ, ದನ ಮೇಯುವ ಜಾಗ ಕಲಸಿಹೋದ ಅಂಚಿನಲ್ಲೇ ಅಪಾಯ ಹೆಚ್ಚು. ಗೋಡಂಬಿ ಕೊಯ್ಲಿನ ಕಾಲವೂ ಈ ರೋಗದ ಕಾಲವೂ ಒಂದೇ. ಜ್ವರದಲ್ಲಿ ಮಲಗಿದ ಕೂಲಿಯವಳ ದಿನಗೂಲಿ ಯಾವ ಕಂಪನಿಯ ನಷ್ಟದ ಪಟ್ಟಿಯಲ್ಲಿದೆ?

ಯಾರಿಗೂ ಗೊತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ. ವಿಮಾ ಕಂಪನಿಗಳಿಗೆ ಗೊತ್ತಿತ್ತು. 2003ರ ಸಾರ್ಸ್ ನೋಡಿದ ಮೇಲೆ, 2006ರಲ್ಲೇ ಅಮೆರಿಕದ ವ್ಯಾಪಾರ ವಿಮೆಗಳಿಗೆ ವೈರಸ್ ನಷ್ಟವನ್ನು ಹೊರಗಿಡುವ ಷರತ್ತು ಬಂತು. ಭಾರತದಲ್ಲೂ ವ್ಯಾಪಾರ ನಿಂತದ್ದಕ್ಕೆ ಪರಿಹಾರ ಸಿಗಲು ಸಾಮಾನ್ಯವಾಗಿ ಬೆಂಕಿ, ನೆರೆಯಂಥ ಹಾನಿಯೇ ಆಗಿರಬೇಕು. 2020ರಲ್ಲಿ ಬಾಗಿಲು ಮುಚ್ಚಿದ ಮುಂಬೈ, ಪುಣೆಯ ಉಡುಪಿ ಹೋಟೆಲುಗಳಿಗೆ ಇಂಥ ಪಾಲಿಸಿ ಇದ್ದರೂ ಪ್ರಯೋಜನವಿರಲಿಲ್ಲ. ಅಪಾಯ ಬಲ್ಲವರು ಷರತ್ತು ಬರೆದು ಪಾರಾದರು. ಬೆಲೆ ತೆತ್ತವರು ಬೇರೆಯವರು.

ಕಾಡು ಮತ್ತು ವನ್ಯಜೀವಿಗಳನ್ನು ಕಾಪಾಡಿ ಸಾಂಕ್ರಾಮಿಕ ತಡೆಯುವ ಖರ್ಚು, ಬಂದ ಮೇಲೆ ತೆರುವ ಬೆಲೆಯ ನೂರರಲ್ಲೊಂದು ಪಾಲು ಎಂದು ಐಪಿಬಿಇಎಸ್ ಸಂಸ್ಥೆಯ ತಜ್ಞರು 2020ರಲ್ಲೇ ಅಂದಾಜಿಸಿದ್ದರು. ಲಾಭದ ಭಾಷೆಯಲ್ಲೇ ಮಾತಾಡುವವರಿಗೆ ಇದಕ್ಕಿಂತ ಸರಳವಾಗಿ ಹೇಳುವುದು ಹೇಗೆ?

ಸೆಬಿಯು ಷೇರುಪೇಟೆಯ ದೊಡ್ಡ 1000 ಕಂಪನಿಗಳಿಂದ ಸುಸ್ಥಿರತೆಯ ವರದಿ ಕೇಳುತ್ತದೆ. ಅದರಲ್ಲಿ ಜೀವವೈವಿಧ್ಯದ ಮೇಲೆ ಆದ ಪರಿಣಾಮದ ವಿವರ ಕೊಡುವುದು ಕಂಪನಿಯ ಇಷ್ಟಕ್ಕೆ ಬಿಟ್ಟದ್ದು. ಅದು ಕಡ್ಡಾಯವಾಗಬೇಕು. ಕಾಡಂಚಿನಿಂದ ಸರಕು ತರಿಸುವ ಕಂಪನಿ ಆ ಅಂಚಿನ ಲೆಕ್ಕವನ್ನೂ ಕೊಡಲಿ. ಲಾಭಕ್ಕೆ ತನ್ನ ಜಾಣತನ, ನಷ್ಟಕ್ಕೆ ದೇವರು ಎನ್ನುವ ಲೆಕ್ಕವನ್ನು ಹಳ್ಳಿಯ ಶೆಟ್ಟರ ಅಂಗಡಿಯಲ್ಲೂ ಯಾರೂ ಒಪ್ಪುವುದಿಲ್ಲ.