ಬಾಲನಟರ ದುಡಿಮೆ

ಬೆಳ್ಳಿತೆರೆಯ ಮೇಲೆ ಪುಟ್ಟ ಮಗುವೊಂದು ಕಣ್ಣೀರಿಟ್ಟರೆ ನಾವೂ ಕಣ್ಣೊರೆಸಿಕೊಳ್ಳುತ್ತೇವೆ, ಟಿ.ವಿ. ಸ್ಪರ್ಧೆಯಲ್ಲಿ ಹಳ್ಳಿಯ ಹುಡುಗನೊಬ್ಬ ನಗಿಸಿದರೆ ಊರಿಗೆ ಊರೇ ಹಿಗ್ಗುತ್ತದೆ. ಆದರೆ ಆ ಮಗು ಅಂದು ದುಡಿದದ್ದು ಎಷ್ಟು ತಾಸು, ಹಣ ಸೇರಿದ್ದು ಯಾರ ಕೈ, ತಪ್ಪಿದ ಪಾಠಗಳೆಷ್ಟು ಎಂದು ಕೇಳುವವರು ವಿರಳ.

ಬಾಲನಟರೆಂದೊಡನೆ ನೆನಪಾಗುವವರು 2021ರಲ್ಲಿ ನಮ್ಮನ್ನಗಲಿದ ಪುನೀತ್ ರಾಜಕುಮಾರರು. 1985ರ ‘ಬೆಟ್ಟದ ಹೂವು’ ಚಿತ್ರದಲ್ಲಿ ಪುಸ್ತಕ ಕೊಳ್ಳಲು ಕಾಸು ಕೂಡಿಡುವ ಬಡ ಹುಡುಗನಾಗಿ ಅವರು ರಾಷ್ಟ್ರಪ್ರಶಸ್ತಿ ಪಡೆದರು. ಕುಂ. ವೀರಭದ್ರಪ್ಪನವರ ಕಥೆಯನ್ನಾಧರಿಸಿದ 1994ರ ‘ಕೊಟ್ರೇಶಿ ಕನಸು’ ಚಿತ್ರದಲ್ಲಿ ಓದಿಗಾಗಿ ಹಂಬಲಿಸುವ ದಲಿತ ಬಾಲಕನ ಪಾತ್ರ ವಹಿಸಿದ ವಿಜಯ ರಾಘವೇಂದ್ರರಿಗೂ ಅದೇ ಗೌರವ ಸಂದಿತು. ಇಬ್ಬರೂ 2002ರಲ್ಲಿ ನಾಯಕನಟರಾದರು. ‘ಮಾಲ್ಗುಡಿ ಡೇಸ್’ನ ಸ್ವಾಮಿಯಾಗಿ ದೇಶಕ್ಕೇ ಪರಿಚಿತರಾದ ಮಾಸ್ಟರ್ ಮಂಜುನಾಥರು ದೊಡ್ಡವರಾದ ಮೇಲೆ ನಟನೆಯನ್ನು ಬಿಟ್ಟು ಬೇರೆ ಉದ್ಯೋಗ ಹಿಡಿದರು. ಪುನೀತ್, ವಿಜಯ ಇಬ್ಬರದೂ ಚಿತ್ರರಂಗದ ಮನೆತನ. ಮಗು ಬೆಳೆಯುವ ತನಕ ಕಾಯುವ ಶಕ್ತಿ ಆ ಮನೆಗಳಿಗಿತ್ತು. ಎಲ್ಲ ಮಕ್ಕಳಿಗೂ ಅಂಥ ಮನೆ ಎಲ್ಲಿಯದು?

ಸಿರಿವಂತ ದೇಶದಲ್ಲಿಯೂ ಹೀಗಾಗಿದೆ. 1921ರಲ್ಲಿ ಚಾಪ್ಲಿನ್ನರೊಡನೆ ‘ದಿ ಕಿಡ್’ ಚಿತ್ರದಲ್ಲಿ ನಟಿಸಿ ಲೋಕಪ್ರಸಿದ್ಧನಾದ ಜಾಕಿ ಕೂಗನ್ ಪ್ರಾಯಕ್ಕೆ ಬಂದಾಗ, ಅವನ ಗಳಿಕೆಯ ಬಹುಭಾಗವನ್ನು ತಾಯಿ ಮತ್ತು ಮಲತಂದೆ ಖರ್ಚು ಮಾಡಿಬಿಟ್ಟಿದ್ದರು. 1938ರಲ್ಲಿ ಅವನು ಕೋರ್ಟಿನ ಮೆಟ್ಟಿಲು ಹತ್ತಿದ. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ಗಳಿಕೆಯನ್ನು ರಕ್ಷಿಸುವ ಕಾನೂನು ಬಂದಿತು.

ನಮ್ಮಲ್ಲಿಯೂ 2017ರ ನಿಯಮಗಳಿವೆ. ಹದಿನಾಲ್ಕು ತುಂಬದ ಮಗುವನ್ನು ದಿನಕ್ಕೆ 5 ತಾಸಿಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ 3 ತಾಸಿಗಿಂತ ಹೆಚ್ಚು, ಸತತ 27 ದಿನಗಳಿಗಿಂತ ಹೆಚ್ಚು ದುಡಿಸುವಂತಿಲ್ಲ. ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು. ಗಳಿಕೆಯಲ್ಲಿ ಶೇಕಡಾ 20ರಷ್ಟನ್ನಾದರೂ ಮಗುವಿನ ಹೆಸರಿನಲ್ಲಿ ಬ್ಯಾಂಕಿನ ನಿಶ್ಚಿತ ಠೇವಣಿಯಾಗಿ ಇಡಬೇಕು. ಶಾಲೆಗೆ ಅಡ್ಡಿಯಾಗಬಾರದು.

ನಟನೆಯೂ ಒಂದು ವಿದ್ಯೆಯಲ್ಲವೇ ಎಂದು ಕೆಲವರು ಕೇಳಬಹುದು. ಅಹುದು, ನಾನು ನಟನೆಯ ವಿರೋಧಿಯಲ್ಲ. ಆದರೆ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಸಿದ್ದಾಪುರದ ಸುತ್ತಿನಲ್ಲಿ ಭತ್ತದ ನಾಟಿಯ ದಿನಗಳಲ್ಲಿ ಶಾಲೆಯ ಸಾಲುಗಳು ಬರಿದಾಗುವುದನ್ನು ಕಂಡವನು. ಗದ್ದೆಗೆ ಹೋದ ಮಗುವನ್ನು ಕಂಡು ‘ಪಾಪ’ ಎನ್ನುವ ನಾವು, ಚಿತ್ರೀಕರಣಕ್ಕೆ ಹೋದ ಮಗುವನ್ನು ಕಂಡು ‘ಪುಣ್ಯವಂತ’ ಎನ್ನುತ್ತೇವೆ. ಎರಡೂ ದುಡಿಮೆಯೇ. ಎರಡರಲ್ಲಿಯೂ ಕಳೆದ ತರಗತಿ ಮರಳಿ ಬಾರದು.

ಸಸಿಮಡಿಯಲ್ಲಿಯೇ ಪೈರನ್ನು ಕೊಯ್ಯುವ ರೈತ ನಮ್ಮಲ್ಲಿಲ್ಲ. ಮಿತ್ರರೇ, ನಮ್ಮ ಓಣಿಯ ಮಗುವೊಂದು ಟಿ.ವಿ.ಗೋ ಚಿತ್ರಕ್ಕೋ ಆಯ್ಕೆಯಾದರೆ ಸಂತೋಷದಿಂದ ಹಾರ ಹಾಕೋಣ. ಜೊತೆಗೆ ತಂದೆತಾಯಿಗಳಿಗೆ ಈ ನಿಯಮಗಳನ್ನು ಓದಿ ಹೇಳೋಣ. ಅಕ್ಷರ ಕಲಿತ ನಮ್ಮಿಂದ ಅಷ್ಟಾದರೂ ಆಗಬೇಡವೇ?

— ಅಂತಿಮ ಬಿ.ಎ. ವಿದ್ಯಾರ್ಥಿ